ಟ್ಯಾಟಿಂಗ್ ಲೇಸ್‌ಗೆ ಆ್ಯಂಕರ್ ಕ್ರೋಶಾ ದಾರ: 20 ತಗೋಬೇಕಾ, 40 ತಗೋಬೇಕಾ?

ಟ್ಯಾಟಿಂಗ್ ಅಂದರೆ ಶಟಲ್ (ದಾರ ಸುತ್ತಿದ ಪುಟ್ಟ ಲಾಳಿ) ಹಿಡಿದು ಗಂಟು ಹಾಕುತ್ತ, ಉಂಗುರ-ಕಮಾನುಗಳಾಗಿ ಲೇಸ್ ಹೆಣೆಯುವ ಕೈಕೆಲಸ. ಹುಬ್ಬಳ್ಳಿ ದುರ್ಗದ ಬೈಲಿನ ಕಡೆ ಹೋಗಿ, "ಕ್ರೋಶಾ ದಾರ 40 ನಂಬರ್ ಐತೇನ್ರಿ ಅಣ್ಣಾರ?" ಅಂತ ಕೇಳಿದರೆ ಮೊದಲು 20 ಕೈಗಿಡುತ್ತಾರೆ. ಹೊಸಬರಾಗಿದ್ದರೆ ಬೇಡ ಅನ್ನಬೇಡಿ. ನಂಬರ್ ಏರಿದಷ್ಟೂ ಎಳೆ ಸಣ್ಣ. 20ರಲ್ಲಿ ಒಂದೊಂದು ಗಂಟೂ ಕಣ್ಣಿಗೆ ಕಾಣುತ್ತದೆ.

ಆ್ಯಂಕರ್‌ನ ಈ ಮರ್ಸರೈಸ್ಡ್ (ಹೊಳಪು, ಗಟ್ಟಿತನ ಬರುವಂತೆ ಸಂಸ್ಕರಿಸಿದ) ಹತ್ತಿ ದಾರ ನನಗೆ ಹಿಡಿಸಿದ್ದು ಅದರ ಬಿಗಿ ಹುರಿಗೆ. ಟ್ಯಾಟಿಂಗ್‌ನಲ್ಲಿ ಶಟಲ್ಲಿನ ಎಳೆ ಗಂಟುಗಳೊಳಗೆ ಸಲೀಸಾಗಿ ಸರಿಯಬೇಕು, ಕೊನೆಗೆ ಜಗ್ಗಿದಾಗ ಉಂಗುರ ಮುಚ್ಚಬೇಕು. ಜುಂಗು ಬಿಡುವ ನೂಲು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, ಬಿಚ್ಚುವ ಕಷ್ಟ ಯಾರಿಗೂ ಬೇಡ. ಇದರಲ್ಲಿ ಉಂಗುರ ಸರಕ್ಕನೆ ಮುಚ್ಚುತ್ತದೆ, ಪಿಕೋಗಳು (ಗಂಟುಗಳ ನಡುವೆ ಬಿಡುವ ಪುಟ್ಟ ಕುಣಿಕೆಗಳು) ನೆಟ್ಟಗೆ ನಿಲ್ಲುತ್ತವೆ. ಸೀರೆ ಕುಚ್ಚಿನ ರೇಷ್ಮೆ ದಾರದಲ್ಲೂ ಮಾಡಿ ನೋಡಿದೆ. ಹೊಳಪೇನೋ ಭಾಳ ಚೆಂದ, ಆದರೆ ಗಂಟು ಜಾರುತ್ತದೆ, ಪಿಕೋ ಜೋತುಬೀಳುತ್ತದೆ.

ಈಗ ಗುಳೇದಗುಡ್ಡ ಖಣದ ಕುಪ್ಪಸದ ತೋಳಿಗೆ 40ರಲ್ಲಿ ಅಂಚು ಹಾಕುತ್ತಿದ್ದೇನೆ. ಉಂಗುರಕ್ಕೆ ಐದೈದು ಜೋಡಿ ಗಂಟಿನ (ಎರಡು ಅರ್ಧ ಗಂಟು ಸೇರಿದರೆ ಒಂದು) ನಾಲ್ಕು ಭಾಗ, ನಡುವೆ ಮೂರು ಪಿಕೋ. ಶಟಲ್ಲಿಗೆ ಬಿಳಿ, ಉಂಡೆಗೆ ಕುಂಕುಮಗೆಂಪು. ಉಂಗುರ ಶಟಲ್ಲಿನ ಎಳೆಯಿಂದಲೇ ಆಗುತ್ತದೆ, ಕಮಾನಿನ ಗಂಟು ಉಂಡೆಯ ದಾರದಿಂದ. ಹಾಗಾಗಿ ಉಂಗುರವೆಲ್ಲ ಬಿಳಿ, ಅವುಗಳನ್ನು ಕೂಡಿಸುವ ಕಮಾನೆಲ್ಲ ಕೆಂಪು. ಅದೇ ನಮೂನೆ 20ರಲ್ಲಿ ಹಾಕಿದ್ದಕ್ಕಿಂತ ಎಷ್ಟು ನಾಜೂಕು! ಖಣದ ಸಣ್ಣ ಬುಟ್ಟಾಕ್ಕೆ ಇದೇ ಒಪ್ಪುತ್ತದೆ.

ಯಾವ ಕಂಪನಿಯ ದಾರವಿರಲಿ, ಗಾಢ ಬಣ್ಣದ್ದನ್ನು ಬಿಳಿ ಬಟ್ಟೆಯ ಮೇಲೆ ನೆನೆಸಿ ನೋಡಿಯೇ ಬಳಸಿ. ಮತ್ತೆ ತರಲು ಹೋಗುವಾಗ ಹಳೆಯ ತುಂಡು ಜೊತೆಗಿರಲಿ, ಬಿಳಿಯಲ್ಲೂ ಛಾಯೆ ಬೇರೆ ಬೇರೆ ಇರುತ್ತವೆ.