ಹೃದಯದ ಸದ್ದು ಕಲಿಸಲು ಲೈವ್ ಕ್ಲಾಸಾ, ರೆಕಾರ್ಡಿಂಗಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರೆಕಾರ್ಡಿಂಗಿಗೆ. ಲೈವ್ ಕ್ಲಾಸಿಗೆಂದು ಒಂದು ಆ್ಯಪಿಗೆ ವರ್ಷದ ಚಂದಾ ಕಟ್ಟಿ ಕೈ ಸುಟ್ಟುಕೊಂಡ ಮೇಲೆ ಬಂದ ಬುದ್ಧಿ ಇದು.

ಹುಬ್ಬಳ್ಳಿಯ ನನ್ನ ಕ್ಲಿನಿಕ್ಕಿನಲ್ಲಿ ಕೂತು ವಾರಕ್ಕೊಮ್ಮೆ ಕೀನ್ಯಾದ ಕ್ಲಿನಿಕಲ್ ಆಫೀಸರ್‌ಗಳಿಗೆ, ಅಂದರೆ ಡಾಕ್ಟರಲ್ಲದಿದ್ದರೂ ತರಬೇತಿ ಪಡೆದು ಚಿಕಿತ್ಸೆ ಕೊಡುವವರಿಗೆ, ಆನ್‌ಲೈನ್ ಪಾಠ ಮಾಡುತ್ತೇನೆ. ಅಲ್ಲಿನ ಹಳ್ಳಿಗಳಲ್ಲಿ ಎಷ್ಟೋ ರೋಗಿಗಳನ್ನು ನೋಡುವವರು ಇವರೇ. ಇಲ್ಲಿ ರಾತ್ರಿ ಎಂಟು ಅಂದರೆ ಅಲ್ಲಿ ಸಂಜೆ ಐದೂವರೆ. ಸಮಯದ ತಕರಾರಿಲ್ಲ.

ತಕರಾರೆಲ್ಲ ಸದ್ದಿನದು. ಆ ದಿನದ ಪಾಠ ಮೈಟ್ರಲ್ ಸ್ಟೆನೋಸಿಸ್. ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಹೃದಯದ ಕವಾಟ ಕೆಡಿಸಿ ಕಿರಿದಾಗಿಸುತ್ತದಲ್ವಾ, ಅದೇ. ಅದರ ಮರ್ಮರ್, ಅಂದರೆ ಆ ಕವಾಟದಲ್ಲಿ ರಕ್ತ ನುಗ್ಗುವ ಸದ್ದು, ತೀರಾ ತಗ್ಗಿನ ಸ್ಥಾಯಿಯದು. ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ, ಸ್ಟೆತಸ್ಕೋಪಿನ ಬೆಲ್ (ಪುಟ್ಟ ಬಟ್ಟಲಿನಂಥ ಬದಿ) ಮೆತ್ತಗೆ ಇಟ್ಟು ಕಿವಿಗೊಟ್ಟರೆ ದೂರದ ಗುಡುಗಿನ ಹಾಗೆ ಕೇಳುತ್ತದೆ. ನಾನು ಆ ಸದ್ದನ್ನು ಸ್ಪೀಕರಿನಲ್ಲಿ ಹಾಕಿ ಮೈಕಿಗೆ ಹಿಡಿದೆ. ಕೇಳಿಸಿತಾ ಅಂದರೆ ಎಲ್ಲರೂ ತಲೆಯಾಡಿಸಿದರು. ನನಗೂ ಖುಷಿ.

ಕ್ಲಾಸ್ ಮುಗಿದ ಮೇಲೆ ಒಬ್ಬಳ ಮೆಸೇಜ್ ಬಂತು: ‘ಸರ್, ಎರಡು ನಿಮಿಷ ನೀವು ಸುಮ್ನೆ ಕೂತಿದ್ದಿರಿ, ಯಾಕೆ?’

ಆಗಿದ್ದಿಷ್ಟೇ. ಆ್ಯಪಿನಲ್ಲಿ ಹಿನ್ನೆಲೆಯ ಗದ್ದಲ ಅಡಗಿಸುವ ಸೌಲಭ್ಯ ಮರ್ಮರನ್ನು ಫ್ಯಾನಿನ ಸದ್ದು ಅಂದುಕೊಂಡು ಒರೆಸಿಹಾಕಿತ್ತು. ಮುಂದಿನ ವಾರ ಅದನ್ನು ಆಫ್ ಮಾಡಿ, ಕಂಪ್ಯೂಟರಿನ ಆಡಿಯೊವನ್ನೇ ನೇರವಾಗಿ ಶೇರ್ ಮಾಡಿದೆ. ಆದರೂ ಇಲ್ಲ! ಅವರು ನಾಲ್ಕು ಜನ ಒಂದೇ ಫೋನಿನ ಸುತ್ತ ಕೂತಿದ್ದರು. ಅಷ್ಟು ಪುಟ್ಟ ಸ್ಪೀಕರಿನಲ್ಲಿ ತಗ್ಗಿನ ಸದ್ದು ಹೊರಡುವುದೇ ಇಲ್ಲ.

ಈಗ ಹಿಂದಿನ ದಿನವೇ ಹತ್ತು ನಿಮಿಷದ ವಿಡಿಯೊ ಕಳಿಸುತ್ತೇನೆ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಬೇಕು, ಇಲ್ಲದಿದ್ದರೆ ಫೈಲ್ ಕುಗ್ಗುತ್ತದೆ. ಅವರು ಒಬ್ಬೊಬ್ಬರೇ ಇಯರ್‌ಫೋನ್ ಹಾಕಿಕೊಂಡು ಬೇಕಾದಷ್ಟು ಸಲ ಕೇಳುತ್ತಾರೆ.

ಇಸಿಜಿ, ಎಕ್ಸ್‌ರೇ ತೋರಿಸಲು ಲೈವ್ ಸಾಕು.

ಪ್ರಶ್ನೆ ಕೇಳುವುದಕ್ಕೆ ಮಾತ್ರ ಲೈವ್ ಬೇಕೇ ಬೇಕು. ಹಾಗಾಗಿ ಅರ್ಧ ಗಂಟೆ ಉಳಿಸಿಕೊಂಡಿದ್ದೇನೆ, ಪಾಠಕ್ಕಲ್ಲ, ಅವರದೇ ರೋಗಿಗಳ ಚರ್ಚೆಗೆ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ ಹೆಪಟೈಟಿಸ್ ಸಿ ಚಿಕಿತ್ಸೆ ಕಲಿಸಲು ಶುರು ಮಾಡಿದ, ದೂರದೂರಿನ ವೈದ್ಯರಿಗೆ ವಿಡಿಯೊದಲ್ಲೇ ಕಲಿಸುವ ಪ್ರಾಜೆಕ್ಟ್ ಎಕೋದ ದಾರಿಯೂ ಇದೇ: ಪಾಠ ಕಡಿಮೆ, ಕೇಸ್ ಜಾಸ್ತಿ. ನಮ್ಮ ನಿಮ್ಹಾನ್ಸ್ ಕೂಡ ಇಂಥ ಎಕೋ ತರಗತಿ ನಡೆಸುತ್ತದೆ.

ಅರ್ಧ ಗಂಟೆಗೆ ಜೂಮ್‌ನ ಪುಕ್ಕಟೆ 40 ನಿಮಿಷ ಧಾರಾಳ. ಕಟ್ಟಿದ ಚಂದಾ ಇನ್ನೂ ಏಳು ತಿಂಗಳಿದೆ. ಮಗಳು ಅದರಲ್ಲಿ ಗೆಳತಿಯರ ಜೊತೆ ಹರಟೆ ಹೊಡೆಯುತ್ತಾಳೆ.