ರೈಜೆನ್ 5 ಅಂದ ಕೂಡಲೇ ದುಡ್ಡು ಎಣಿಸಬೇಡಿ, ಮುಂದಿನ ನಾಲ್ಕು ಅಂಕಿ ಓದಿ

ಇದನ್ನು ಬರೆಯಲು ನನಗೆ ನಾಚಿಕೆ. ಆಫೀಸಿನಲ್ಲಿ ಯಾರೇ ಮೊಬೈಲ್ ತಗೊಳ್ಳಲಿ, ಲ್ಯಾಪ್‌ಟಾಪ್ ತಗೊಳ್ಳಲಿ, ಮೊದಲು ಕೇಳುವುದು ನನ್ನನ್ನೇ. ಅಂಥ ನಾನೇ ಲ್ಯಾಪ್‌ಟಾಪ್ ತರಲು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಟೋಪಿ ಹಾಕಿಸಿಕೊಂಡು ಬಂದೆ. ಅದೂ ನನ್ನ ದುಡ್ಡಲ್ಲ, ಅಕ್ಕನ ದುಡ್ಡು. ಮದ್ದೂರಿನ ಹತ್ತಿರ ಹಳ್ಳಿ, ಎರಡು ಹಸು. ಡೇರಿ ಬಟವಾಡೆಯಲ್ಲಿ ಉಳಿಸಿ, ಉಳಿಸಿ ಕೊಟ್ಟಿದ್ದಳು. "ನಿಂಗೆ ಎಲ್ಲಾ ಗೊತ್ತಲ್ಲ ಕಣೋ, ನೀನೇ ನೋಡಿ ಕೊಡ್ಸು" ಅಂದಿದ್ದಳು. ಎಲ್ಲಾ ಗೊತ್ತು. ಹೂಂ.

2023ರ ಆಗಸ್ಟ್. ಅಕ್ಕನ ಮಗ ಇಂಜಿನಿಯರಿಂಗ್ ಮೂರನೇ ವರ್ಷ. "ಆ್ಯಪ್ ಮಾಡೋ ಪ್ರಾಜೆಕ್ಟ್ ಇದೆ ಮಾವ, ಆಂಡ್ರಾಯ್ಡ್ ಸ್ಟುಡಿಯೋ ಓಡಿದ್ರೆ ಸಾಕು" ಅಂದಿದ್ದ. ನಾನು ಮನೆಯಲ್ಲೇ ಎಲ್ಲ ನೋಡಿಕೊಂಡು ಹೋಗಿದ್ದೆ. ರೈಜೆನ್ 5 5625ಯು ಇರುವ ಒಂದು ಲ್ಯಾಪ್‌ಟಾಪ್, 40,500 ರೂಪಾಯಿ. ರೈಜೆನ್ ಅಂದರೆ ಎಎಂಡಿ ಕಂಪನಿಯ ಪ್ರೊಸೆಸರ್, ಲ್ಯಾಪ್‌ಟಾಪಿನ ಮಿದುಳು ಅನ್ನಿ. ಅಂಗಡಿಯವನು ಅದನ್ನು ಕೊಡಲ್ಲ ಅನ್ನಲಿಲ್ಲ. ತೆಗೆದು ಮುಂದಿಟ್ಟ. ಆಮೇಲೆ ಅದರ ಪಕ್ಕಕ್ಕೆ ಇನ್ನೊಂದು ಇಟ್ಟ. ರೈಜೆನ್ 5 7520ಯು, 41,500.

"ಸಾರ್, ಅದು 5000 ಸೀರೀಸ್, ಹಳೇದು. ಇದು 7000. ಸಾವಿರ ರೂಪಾಯಿಗೆ ಎರಡು ಜನರೇಷನ್ ಮುಂದೆ ಹೋಗ್ತೀರ."

ನಾನು ಜಾಣ ಅಲ್ವಾ, ಫೋನ್ ತೆಗೆದು ಅಲ್ಲೇ ಹೋಲಿಸಿ ನೋಡಿದೆ. ಗರಿಷ್ಠ ವೇಗ ಎರಡಕ್ಕೂ 4.3 ಗಿಗಾಹರ್ಟ್ಸ್. ಬೇಸ್ ವೇಗ ಇದಕ್ಕೆ, ಅಂದರೆ 7520ಯುಗೆ, 2.8; ಅದಕ್ಕೆ 2.3. ಚಿಪ್ ತಯಾರಿಕೆಯಲ್ಲಿ ಇದು 6 ನ್ಯಾನೋಮೀಟರ್, ಅದು 7; ಅಂಕಿ ಚಿಕ್ಕದಾದಷ್ಟೂ ಹೊಸದು ಅಂತ ಲೆಕ್ಕ. ಇದಕ್ಕೆ ಎಲ್‌ಪಿಡಿಡಿಆರ್5 ರ್‍ಯಾಮ್, ಅದಕ್ಕೆ ಹಳೇ ನಮೂನೆಯ ಡಿಡಿಆರ್4. ಎಲ್ಲದರಲ್ಲೂ ಅವನು ಹೇಳಿದ್ದೇ ಸರಿ. ಪಕ್ಕದಲ್ಲಿ ನಿಂತು ಇಣುಕುತ್ತಿದ್ದ ಹುಡುಗ ಮೆಲ್ಲಗೆ ಕೇಳಿದ, "ಮಾವ, ಇದ್ರಲ್ಲಿ ಕೋರ್ ನಾಲ್ಕೇ ಇದೆ. ಅದ್ರಲ್ಲಿ ಆರಿದೆ." ಕೋರ್ ಅಂದರೆ ಚಿಪ್‌ನ ಒಳಗೆ ಕೆಲಸ ಮಾಡುವ ಕೈಗಳಿದ್ದ ಹಾಗೆ.

ಅಂಗಡಿಯವನು ನಕ್ಕ. "ಹೊಸ ಕೋರ್ ತಮ್ಮಾ. ಹಳೇ ಆರಕ್ಕೆ ಹೊಸ ನಾಲ್ಕು ಸಮ."

ನಾನೇನು ಮಾಡಿದೆ ಗೊತ್ತಾ? "ಸುಮ್ನಿರೋ, ನಿಂಗೆ ಗೊತ್ತಾಗಲ್ಲ" ಅಂತ ಹುಡುಗನ ಬಾಯಿ ಮುಚ್ಚಿಸಿದೆ. ಅಂಗಡಿಯವನ ಪರವಾಗಿ ನಾನು! ಇವತ್ತಿಗೂ ಆ ಮಾತು ನೆನೆಸಿಕೊಂಡರೆ ಮೈ ಉರಿಯುತ್ತದೆ.

8 ಜಿಬಿ ರ್‍ಯಾಮ್ ಸಾಲುತ್ತಾ ಅಂತ ಒಂದು ಮಾತು ಕೇಳಿದ್ದೆ. "ಸದ್ಯಕ್ಕೆ ಧಾರಾಳ ಸಾರ್. ಬೇಕಾದ್ರೆ ಆಮೇಲೆ ಇನ್ನೊಂದು 8 ಹಾಕಿಸ್ಕೊಳ್ಳಿ, ಎರಡು ಸಾವಿರ ಆಗುತ್ತೆ" ಅಂದ. ಈ ಮಾತು ನೆನಪಿಟ್ಟುಕೊಳ್ಳಿ.

ಹತ್ತು ದಿನ ಆಗಿರಲಿಲ್ಲ, ಹುಡುಗನ ಫೋನ್. ಆಂಡ್ರಾಯ್ಡ್ ಸ್ಟುಡಿಯೋ ತೆಗೆದು ಎಮ್ಯುಲೇಟರ್ (ಪರದೆ ಮೇಲೆ ಓಡುವ ನಕಲಿ ಫೋನ್) ಹಾಕಿದರೆ ಮೌಸ್ ಕೂಡ ಅಲ್ಲಾಡಲ್ವಂತೆ. ಫ್ಯಾನ್ ಮಾತ್ರ ಹಿಟ್ಟಿನ ಗಿರಣಿ ಥರ ಓಡುತ್ತಂತೆ. ರೂಮ್‌ಮೇಟ್ ಹತ್ತಿರ 5625ಯು ಇದೆ, ಅದೇ ಪ್ರಾಜೆಕ್ಟ್ ಅದರಲ್ಲಿ ಒಂದೂವರೆ ನಿಮಿಷಕ್ಕೆ ಬಿಲ್ಡ್ ಆಗುತ್ತೆ, ನಮ್ಮದರಲ್ಲಿ ಮೂರು ನಿಮಿಷ. ನೋಡಿ, ನಾನು ಬೇಡ ಅಂತ ಬಿಟ್ಟು ಬಂದದ್ದೇ ಆ 5625ಯು.

ರ್‍ಯಾಮ್ ಹಾಕಿಸಿದರೆ ಸರಿಹೋಗುತ್ತೆ ಅಂತ ಸಮಾಧಾನ ಮಾಡಿ, ಭಾನುವಾರ ಮಂಡ್ಯದಲ್ಲಿ ಒಂದು ರಿಪೇರಿ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯ ಹುಡುಗ ತಳದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಬಾಟಲಿ ಮುಚ್ಚಳದಲ್ಲಿ ಹಾಕಿಟ್ಟ. ಹಳೇ ಎಟಿಎಂ ಕಾರ್ಡ್ ತೂರಿಸಿ ಮುಚ್ಚಳ ಎಬ್ಬಿಸಿದ. ಬ್ಯಾಟರಿ, ಒಂದು ಫ್ಯಾನ್, ಎಸ್‌ಎಸ್‌ಡಿ. ಟಾರ್ಚ್ ಬಿಟ್ಟು ಆ ಕಡೆ ಈ ಕಡೆ ನೋಡಿ ಕೇಳಿದ, "ಅಣ್ಣಾ, ರ್‍ಯಾಮ್ ಹಾಕೋದೆಲ್ಲಿಗೆ? ಇದ್ರಲ್ಲಿ ಸ್ಲಾಟೇ ಇಲ್ಲ."

ಇಲ್ಲ. ಸ್ಲಾಟೇ ಇಲ್ಲ. 7520ಯುಗೆ ಹೊಂದುವುದು ಎಲ್‌ಪಿಡಿಡಿಆರ್5 ಮಾತ್ರ, ಅದನ್ನು ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಅಂಗಡಿಯಲ್ಲಿ ಯಾವುದನ್ನು ಹೆಚ್ಚುಗಾರಿಕೆ ಅಂತ ತೋರಿಸಿದನೋ ಅದೇ ನಮ್ಮ ಕೈ ಕಟ್ಟಿಹಾಕಿತ್ತು. ಅಕ್ಕನ ಮಗ ಏನೂ ಅನ್ನಲಿಲ್ಲ. ಬೈದಿದ್ದರೂ ಚೆನ್ನಾಗಿತ್ತು.

ಅವತ್ತು ರಾತ್ರಿ ಕೂತು ಸರಿಯಾಗಿ ಓದಿದೆ. ಎಎಂಡಿಯ ಈ 7000 ಲ್ಯಾಪ್‌ಟಾಪ್ ಸಾಲಿನಲ್ಲಿ ಮೊದಲ ಅಂಕಿ ಬರೀ ವರ್ಷ. 7 ಅಂದರೆ 2023ರ ಸಾಲು. ಒಳಗಿನ ಕೋರ್ ಯಾವ ಕಾಲದ್ದು ಅಂತ ಹೇಳುವುದು ಮೂರನೇ ಅಂಕಿ. 7520ರಲ್ಲಿ ಅದು 2, ಅಂದರೆ ಜೆನ್ 2 ಅನ್ನೋ ಕೋರ್ ವಿನ್ಯಾಸ. ಅದು 2019ರಲ್ಲಿ ಬಂದದ್ದು! ನಾನು ಹಳೇದು ಅಂತ ಬಿಟ್ಟ 5625ಯು ಒಳಗಿರುವುದು ಜೆನ್ 3, 2020ರದ್ದು. "ಹೊಸ ಕೋರ್" ಅಂದನಲ್ಲ, ಅದೇ ಹಳೇದು. ಎಲ್3 ಕ್ಯಾಶ್ (ಚಿಪ್‌ನೊಳಗೇ ಇರುವ ಚುರುಕು ಮೆಮೊರಿ) ಇದರಲ್ಲಿ 4 ಎಂಬಿ, ಅದರಲ್ಲಿ 16. ಆ ಸಾಲನ್ನು ನಾನು ನೋಡಲೇ ಇಲ್ಲ. ಕೋರ್ ಕಡಿಮೆ, ಅದೂ ಹಳೇದು, ಕ್ಯಾಶ್ ಕಾಲುಭಾಗ. ಇದಕ್ಕೆ ಸಾವಿರ ರೂಪಾಯಿ ಜಾಸ್ತಿ ಕೊಟ್ಟು ಬಂದೆ.

(5625ರಲ್ಲೂ ಮೂರನೇ ಅಂಕಿ 2 ಇದೆಯಲ್ಲ ಅಂತ ಕೇಳಬೇಡಿ. ಆ ಲೆಕ್ಕ 5000 ಸಾಲಿಗೆ ನಡೆಯಲ್ಲ. ನನಗೂ ತಲೆ ಕೆಟ್ಟಿತ್ತು.)

ಅಂಗಡಿಗೆ ಫೋನ್ ಮಾಡಿದೆ. ಮೊದಲು, "ಸಾರ್, ಬಾಕ್ಸ್ ಓಪನ್ ಆಗಿದೆ, ವಾಪಸ್ ಇಲ್ಲ." ಸ್ಲಾಟ್ ವಿಷಯ ಎತ್ತಿದರೆ, "ನಾನು ಹಂಗೆ ಹೇಳೇ ಇಲ್ಲ ಸಾರ್, ಕೆಲವು ಮಾಡೆಲ್‌ಗೆ ಹಾಕ್ಬಹುದು ಅಂದಿದ್ದೆ." ಕೋರ್ ವಿಷಯ ಎತ್ತಿದರೆ, "ನೀವೇ ಫೋನಲ್ಲಿ ಚೆಕ್ ಮಾಡಿ ತಗೊಂಡ್ರಲ್ಲ ಸಾರ್, ನಿಮ್ ಹುಡುಗ ಕೇಳ್ದಾಗ ನೀವೇ ಸುಮ್ನಿರು ಅಂದ್ರಿ." ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ವಾಟ್ಸಾಪ್‌ನಲ್ಲಿ ಎರಡು ಚಿಪ್‌ಗಳ ವ್ಯತ್ಯಾಸ ಉದ್ದಕ್ಕೆ ಬರೆದು ಕಳಿಸಿದೆ. ನೀಲಿ ಟಿಕ್ ಬಂತು. ಒಂದು ಹೆಬ್ಬೆರಳು ಬಂತು. ಅಷ್ಟೇ. ಮಾರನೇ ದಿನ ಖುದ್ದಾಗಿ ಹೋದಾಗ ಎಕ್ಸ್‌ಚೇಂಜ್‌ಗೆ 24,000 ಕೊಡ್ತೀನಿ ಅಂದ. ಎರಡು ವಾರದ ಲ್ಯಾಪ್‌ಟಾಪ್‌ಗೆ! "ಮಾರ್ಕೆಟಲ್ಲಿ ಈ ಪ್ರೊಸೆಸರ್‌ಗೆ ಅಷ್ಟೇ ವ್ಯಾಲ್ಯೂ ಸಾರ್" ಅಂತ ಬೇರೆ. ಮಾರುವಾಗ ಗೊತ್ತಿರಲಿಲ್ವಾ ಸ್ವಾಮಿ ನಿನಗೆ? ಗ್ರಾಹಕರ ಸಹಾಯವಾಣಿ 1915ಕ್ಕೆ ಮಾಡೋಣ ಅಂದರೆ ಬಿಲ್ ನೋಡಿ: "ರೈಜೆನ್ 5, 8 ಜಿಬಿ, 512". 7520 ಅಂತಲೂ ಇಲ್ಲ, ರ್‍ಯಾಮ್ ಹಾಕಬಹುದು ಅಂತಲೂ ಇಲ್ಲ. ಏನು ಹಿಡಿದುಕೊಂಡು ದೂರು ಕೊಡಲಿ?

ಅದಕ್ಕೇ ಹೇಳ್ತಿದ್ದೀನಿ. ಚಿಪ್‌ನ ಪೂರ್ತಿ ಹೆಸರು, ನಾಲ್ಕು ಅಂಕಿ, ಕೊನೆಯ ಅಕ್ಷರ ಎಲ್ಲವನ್ನೂ ಬಿಲ್‌ನಲ್ಲಿ ಬರೆಸಿ. ಸ್ಲಾಟ್ ಇದೆ ಅಂದರೆ ಅದನ್ನೂ ಬರೆಸಿ, ಬರೆಯಲ್ಲ ಅಂದರೆ ಎದ್ದು ಬನ್ನಿ. 7000ದಲ್ಲೇ ಬೇಕು ಅಂದರೆ 7530ಯು ನೋಡಿ, ಅದು ಜೆನ್ 3, ಆರು ಕೋರ್. 7520 ಮತ್ತು 7530, ಹತ್ತೇ ವ್ಯತ್ಯಾಸ ಅಂತ ಅನ್ನಿಸುತ್ತೆ ಅಲ್ವಾ? ಎಎಂಡಿಯ ಎದುರಾಳಿ ಇಂಟೆಲ್‌ನ ಚಿಪ್ ತಗೊಂಡರೆ ತಪ್ಪಿಸಿಕೊಂಡೆ ಅಂದುಕೊಳ್ಳಬೇಡಿ. ಹೆಸರಲ್ಲಿ ಮೇಲಿರುವ ಐ7-1255ಯು ಒಳಗೆ ಜೋರಾಗಿ ಓಡುವ ದೊಡ್ಡ ಕೋರ್ ಎರಡೇ, ಐ5-12500ಎಚ್‌ನಲ್ಲಿ ನಾಲ್ಕು. 2023ರ ಡಿಸೆಂಬರ್‌ನಲ್ಲಿ ಇಂಟೆಲ್‌ನವರು ಇದೇ 7520ಯು ಹೆಸರು ಹಿಡಿದು ಎಎಂಡಿಯನ್ನು ಆಡಿಕೊಂಡರು. ಎಲ್ಲರ ಮನೆ ದೋಸೆಯೂ ತೂತೇ.

ಹುಡುಗ ಈಗ ರೂಮ್‌ಮೇಟ್ ಮಲಗಿದ ಮೇಲೆ ಅವನ ಲ್ಯಾಪ್‌ಟಾಪ್‌ನಲ್ಲಿ ಪ್ರಾಜೆಕ್ಟ್ ಮಾಡ್ತಾನೆ. ಅಕ್ಕನಿಗೆ ಇನ್ನೂ ಹೇಳಿಲ್ಲ.

ನಮ್ಮದನ್ನು ಮಾರಬೇಕು ಅಂತಿದ್ದೇವೆ. ಬ್ಯಾಟರಿ ಚೆನ್ನಾಗಿ ಬರುತ್ತೆ. ಟೈಪಿಂಗ್, ಯೂಟ್ಯೂಬ್, ಆನ್‌ಲೈನ್ ಕ್ಲಾಸ್‌ಗೆ ಏನೂ ತೊಂದರೆ ಇಲ್ಲ. ಬೇಕಿದ್ದವರು ಹೇಳಿ. ರ್‍ಯಾಮ್ ಹಾಕಿಸಲು ಆಗಲ್ಲ.