ಅಡಿಕೆ ತೋಟಕ್ಕೆ ಹಳೇ ಮಿನಿ ಟ್ರ್ಯಾಕ್ಟರ್: ಎರಡನ್ನೂ ಓಡಿಸಿ ನೋಡಿದೆ

ತರೀಕೆರೆ ಹತ್ತಿರ ನಮ್ಮದು ಮೂರು ಎಕರೆ ಅಡಿಕೆ ತೋಟ. ಮರದಿಂದ ಮರಕ್ಕೆ ಒಂಬತ್ತು ಅಡಿ. ಕಳೆ ತೆಗೆಯೋಕೆ ಆಳು ಸಿಗುತ್ತಿಲ್ಲ, ಹೊಸ ಗಾಡಿಗೆ ದುಡ್ಡು ಸಾಲದು. ಹಳೇದು ಎರಡು ಕಣ್ಣಿಗೆ ಬಿದ್ದವು. ಒಂದು 15 ಎಚ್‌ಪಿ, ಒಂಟಿ ಸಿಲಿಂಡರ್, ಕೇಳಿದ್ದು 1.9 ಲಕ್ಷ. ಇನ್ನೊಂದು 24 ಎಚ್‌ಪಿ, ಮೂರು ಸಿಲಿಂಡರ್, ಫೋರ್ ವೀಲ್ ಡ್ರೈವ್, 3.4 ಲಕ್ಷ. ಮನಸ್ಸು ಪೂರ್ತಿ ದೊಡ್ಡದರ ಮೇಲೇ ಇತ್ತು.

ಬೆಳಿಗ್ಗೆ ನಾನು ಬರೋವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಇಬ್ಬರಿಗೂ ಹೇಳಿದ್ದೆ. ದೊಡ್ಡದರ ಬಾನೆಟ್ ಮೇಲೆ ಕೈ ಇಟ್ಟರೆ ಆಗಲೇ ಬಿಸಿ, ಅಂದರೆ ತಣ್ಣಗಿದ್ದಾಗ ಹೇಗೆ ಹತ್ತುತ್ತದೆ ಅಂತ ನನಗೆ ಕಾಣಬಾರದು ಅಂತ ಮೊದಲೇ ಓಡಿಸಿದ್ದಿರಬೇಕು. ಮೀಟರಿನಲ್ಲಿ 850 ಗಂಟೆ, ಆದರೆ ಕ್ಲಚ್ ಪೆಡಲ್ ಸವೆದು ಕನ್ನಡಿ ಥರ ಹೊಳೀತಿತ್ತು, ಅಷ್ಟೇ ಓಡಿದೆ ಅಂತ ನಂಬೋಕೆ ಆಗಲಿಲ್ಲ. ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಮುಚ್ಚಳ ತಿರುಗಿಸಿ, ಬಾಯಿ ಮೇಲೆ ಸುಮ್ನೆ ಇಟ್ಟೆ. ಮುಚ್ಚಳ ಟಕಟಕ ಕುಣಿಯಿತು, ಸಂದಿಯಿಂದ ಹೊಗೆ ಬುಸುಗುಟ್ಟಿತು. ಎಂಜಿನ್ ಒಳಗಿನ ಪಿಸ್ಟನ್ ರಿಂಗ್, ಸಿಲಿಂಡರ್ ಲೈನರ್ ಸವೆದಿದ್ದರೆ ಹೀಗಾಗುತ್ತದೆ. ಸೈಲೆನ್ಸರಿನಲ್ಲೂ ನೀಲಿ ಹೊಗೆ, ಅಂದರೆ ಆಯಿಲ್ ಉರಿಯುತ್ತಿದೆ. ಚಿಕ್ಕದು ತಣ್ಣಗಿತ್ತು, ಎರಡನೇ ಸಲಕ್ಕೆ ಹತ್ತಿತು. ಅದರ ಮುಚ್ಚಳವೂ ಸ್ವಲ್ಪ ಅಲುಗಿತು. ಒಂಟಿ ಸಿಲಿಂಡರಿನಲ್ಲಿ ಅಷ್ಟು ಸಹಜ. ಹೊಗೆ ಬರಲಿಲ್ಲ.

ಆಮೇಲೆ ಹಿಂದೆ ಕಟ್ಟಿದ ಉಪಕರಣವನ್ನು ಎತ್ತುವ ಲಿಫ್ಟ್. ರೋಟಾವೇಟರ್ (ತಿರುಗುವ ಬ್ಲೇಡಿನಿಂದ ಮಣ್ಣು ಪುಡಿ ಮಾಡೋದು) ಎತ್ತಿ ಎಂಜಿನ್ ಆಫ್ ಮಾಡಿ, ತಾನಾಗೇ ಎಷ್ಟು ಇಳಿಯುತ್ತದೆ ಅಂತ ಹತ್ತು ನಿಮಿಷ ಕಾದೆ. ಚಿಕ್ಕದು ಒಂದು ಬೆರಳಿನಷ್ಟು ಇಳಿಯಿತು. ದೊಡ್ಡದು ನೆಲ ಮುಟ್ಟಿತು.

ಆದರೂ ದೊಡ್ಡದನ್ನು ತೋಟಕ್ಕೆ ಇಳಿಸಿದೆ. ಆಸೆ ಬಿಡಬೇಕಲ್ವಾ! ಹಸಿ ಮಣ್ಣಿನಲ್ಲಿ ಅದರ ಎಳೆತ ಚೆನ್ನಾಗಿದೆ, ನಿಜ. ತೊಡಕು ಬಂದದ್ದು ಅಗಲದಲ್ಲಿ. ಅದಕ್ಕೆ ನಾಲ್ಕು ಅಡಿ ರೋಟಾವೇಟರ್. ಒಂಬತ್ತು ಅಡಿ ಸಾಲಿನಲ್ಲಿ ಎರಡು ಸಲ ಹೋದರೆ ಎಂಟಡಿ ಮಣ್ಣು ತಿರುವುತ್ತದೆ, ಬುಡದ ಹತ್ತಿರ ಎರಡೂ ಕಡೆ ಉಳಿಯೋದು ಅರ್ಧರ್ಧ ಅಡಿ. ಅಡಿಕೆ ಬೇರು ಮೇಲುಮಣ್ಣಿನಲ್ಲಿ, ಬುಡದ ಸುತ್ತಲೇ ಜಾಸ್ತಿ. ಮೂರನೇ ಸಾಲು ಮುಗಿಸಿ ಇಳಿದು ನೋಡಿದೆ. ಬ್ಲೇಡಿಗೆ ಬಿಳಿ ಬೇರು ಸುತ್ತಿಕೊಂಡಿತ್ತು. ಹೊಟ್ಟೆ ಚುರ್ರೆಂದಿತು. ಅಲ್ಲಿಗೇ ನಿಲ್ಲಿಸಿದೆ. ಚಿಕ್ಕದರದ್ದು ಮೂರಡಿ ರೋಟಾವೇಟರ್. ಎರಡು ಸಲಕ್ಕೆ ಆರಡಿ, ಬುಡಕ್ಕೆ ಒಂದೂವರೆ ಅಡಿ ಜಾಗ ಉಳಿಯುತ್ತದೆ. ಆಳವನ್ನೂ ಎರಡಿಂಚಿಗೆ ಇಳಿಸಿಕೊಂಡೆ. ಸಾಲಿನ ಕೊನೆಯಲ್ಲಿ ಒಂದೇ ಏಟಿಗೆ ತಿರುಗಿತು.

ಚಿಕ್ಕದಕ್ಕೆ ಆಗದ್ದೂ ಇದೆ. ಗೊಬ್ಬರ ತುಂಬಿದ ಟ್ರಾಲಿ ಕಟ್ಟಿ ಹಳ್ಳದ ಏರು ಹತ್ತಿಸೋಕೆ ನೋಡಿದೆ, ಹಿಂದಿನ ಚಕ್ರ ನಿಂತಲ್ಲೇ ಸುತ್ತುತ್ತಿತ್ತು. ನಿಮ್ಮ ಮುಖ್ಯ ಕೆಲಸ ಟ್ರಾಲಿ ಎಳೆಯೋದಾದರೆ ಇದು ಬೇಡ. ನಮಗೆ ಗೊಬ್ಬರ ವರ್ಷಕ್ಕೊಮ್ಮೆ, ಆಗ ಬಾಡಿಗೆಗೆ ತರಬಹುದು. ಕಳೆ ಕೆಲಸ ಮಾತ್ರ ವರ್ಷಪೂರ್ತಿ.

ಕಾಗದದಲ್ಲಿ ಒಂದು ತೊಡಕಿತ್ತು. ಚಿಕ್ಕದರ ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು ಹಾಗೇ ಇತ್ತು. ಸಾಲ ತೀರಿದೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಮತ್ತು ಆ ನಮೂದು ತೆಗೆಸೋಕೆ ಫಾರಂ 35 ಬೇಕು. ಹೆಸರು ವರ್ಗಾವಣೆಗೆ ಫಾರಂ 29, 30. ಮುಂದಿನ ಎರಡೂ ಟೈರ್ ಬೋಳಾಗಿದ್ದವು, ಅದನ್ನು ತೋರಿಸಿ 1.75 ಲಕ್ಷಕ್ಕೆ ಇಳಿಸಿದೆ. ಒಂದು ಲಕ್ಷ ಕೊಟ್ಟು ಗಾಡಿ ತಂದಿದ್ದೇನೆ. ಉಳಿದದ್ದು ಆರ್‌ಸಿ ನನ್ನ ಹೆಸರಿಗೆ ಬಂದ ದಿನ.